ಬೇಸಿನ್ ಕೆಳಗಿನ ಬಾಕ್ಸ್ ಉಬ್ಬಿದೆ: ಕೆಲಸ ಎಷ್ಟು, ದುಡ್ಡು ಯಾರದ್ದು?

ಪ್ರಶ್ನೆ: ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ. ನಾನು ನಿವೃತ್ತ ಶಿಕ್ಷಕಿ. ಮೇಲಿನ ಮಹಡಿ ಬಾಡಿಗೆಗೆ ಕೊಟ್ಟಿದ್ದೇನೆ. ನಾಲ್ಕು ವರ್ಷದಿಂದ ಇರುವ ಗಂಡ ಹೆಂಡತಿ ಮುಂದಿನ ತಿಂಗಳು ಖಾಲಿ ಮಾಡುತ್ತಾರೆ. ಬಾತ್‌ರೂಮಿನ ವಾಶ್‌ಬೇಸಿನ್ ಕೆಳಗೆ ಎಂಟು ವರ್ಷದ ಹಿಂದೆ ರೆಡಿಮೇಡ್ ವ್ಯಾನಿಟಿ ಹಾಕಿಸಿದ್ದೆ. ಅದೀಗ ನೀರು ಕುಡಿದು ಉಬ್ಬಿದೆ. ಒಂದು ಬಾಗಿಲು ಮುಚ್ಚುವುದಿಲ್ಲ. ಕೆಳಗಿನ ಹಲಗೆ ಒತ್ತಿದರೆ ಪುಡಿ ಉದುರುತ್ತದೆ. ಕಾರ್ಪೆಂಟರ್ ಪೂರ್ತಿ ಹೊಸದು ಮಾಡಬೇಕು ಅಂದರು. ಪೇಂಟರ್, ಪುಟ್ಟಿ ಹಾಕಿ ಬಣ್ಣ ಹೊಡೆದರೆ ಗೊತ್ತೇ ಆಗಲ್ಲ ಅಂದರು. ಬಾಡಿಗೆಯವರು 'ನಾವು ಬಂದಾಗಲೇ ಹೀಗಿತ್ತು' ಅನ್ನುತ್ತಾರೆ. ಇದು ರಿಪೇರಿ ಆಗುತ್ತಾ? ಅಡ್ವಾನ್ಸ್‌ನಲ್ಲಿ ದುಡ್ಡು ಹಿಡಿಯಬಹುದಾ?

ಉತ್ತರ: ಮೇಡಂ, ಸದ್ಯಕ್ಕೆ ಕಾರ್ಪೆಂಟರ್ ಮಾತೂ ಬೇಡ, ಪೇಂಟರ್ ಮಾತೂ ಬೇಡ. ಇಬ್ಬರೂ ಮರ ನೋಡಿದ್ದಾರೆ, ನೀರು ನೋಡಿಲ್ಲ. ನೀರು ಎಲ್ಲಿಂದ ಬಂತು ಅಂತ ಗೊತ್ತಾದರೆ ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ. ಕೆಲಸ ಎಷ್ಟು ಅನ್ನುವುದನ್ನೂ ಅದೇ ಹೇಳುತ್ತದೆ, ದುಡ್ಡು ಯಾರದ್ದು ಅನ್ನುವುದನ್ನೂ ಅದೇ ಹೇಳುತ್ತದೆ.

ಅಂಗಡಿಯವರು ಇದಕ್ಕೆ ವ್ಯಾನಿಟಿ ಅನ್ನುತ್ತಾರೆ. ನನ್ನ ಜೊತೆ ಮರಗೆಲಸ ಮಾಡುವ ಹುಡುಗರು ಬೇಸಿನ್ ಬಾಕ್ಸ್ ಅನ್ನುತ್ತಾರೆ. ನಾನೂ ಬಾಕ್ಸ್ ಅಂತಲೇ ಬರೆಯುತ್ತೇನೆ.

ಮೊದಲು ಒಂದು ಟಾರ್ಚ್ ಹಿಡಿದು ಬಾಕ್ಸ್ ಮುಂದೆ ಕೂತುಕೊಳ್ಳಿ. ಒಳಗಿನ ಸಾಮಾನು ಎಲ್ಲ ಹೊರಗೆ ತೆಗೆಸಿ. ನೀರು ಬಂದ ದಾರಿ ಹಲಗೆಯ ಮೇಲೆ ಗುರುತು ಬಿಟ್ಟಿರುತ್ತದೆ. ಒಳಗಿನ ತಳದ ಹಲಗೆ ನಡುವೆ ಕುಸಿದಿದೆಯಾ? ಪೈಪ್ ಹೋಗುವ ತೂತಿನ ಸುತ್ತ ಕಪ್ಪು ಕಲೆ ಇದೆಯಾ? ಹಾಗಿದ್ದರೆ ನೀರು ಪೈಪಿನಿಂದ ಬಿದ್ದಿದೆ. ತಳದ ಹಲಗೆಯ ಮೇಲ್ಭಾಗ ಚೆನ್ನಾಗಿದ್ದು, ಎರಡು ಪಕ್ಕದ ಹಲಗೆಗಳ ಬುಡ ಮಾತ್ರ ಆನೆಕಾಲಿನ ಹಾಗೆ ದಪ್ಪಗಾಗಿದ್ದರೆ ನೀರು ನೆಲದಿಂದ ಏರಿದೆ. ಹಿಂದಿನ ಹಲಗೆಯ ಮೇಲಿನ ಅಂಚು ಹಾಳಾಗಿ, ಮೈಕಾ ಮೇಲಿಂದ ಕೆಳಕ್ಕೆ ಬಿಚ್ಚಿಕೊಂಡಿದ್ದರೆ ಗೋಡೆಗೂ ಬೇಸಿನ್ ಕೂತಿರುವ ಕಲ್ಲಿಗೂ ನಡುವಿನ ಸಂದಿಯಿಂದ ಇಳಿದಿದೆ. ಬಾಗಿಲಿನ ಹೊರಮೈ, ಅದೂ ಸ್ನಾನ ಮಾಡುವ ಕಡೆಗಿರುವ ಬಾಗಿಲು ಮಾತ್ರ ಉಬ್ಬಿದ್ದರೆ, ಅದು ಮಗ್‌ನಿಂದಲೋ ಶವರ್‌ನಿಂದಲೋ ದಿನಾ ಹಾರಿದ ನೀರು.

ಎರಡು ಮೂರು ಕಾರಣ ಒಟ್ಟಿಗೆ ಇರುವುದೂ ಉಂಟು. ಎಂಟು ವರ್ಷದ ಬಾಕ್ಸ್‌ನಲ್ಲಿ ಅದೇ ಜಾಸ್ತಿ. ಆಗ ಯಾವ ಗುರುತು ಹಳೆಯದು, ಯಾವುದು ಇನ್ನೂ ಹಸಿ ಇದೆ ಅಂತ ಬೆರಳಿಟ್ಟು ನೋಡಿ.

ಗುರುತು ನೋಡಿದ್ದಷ್ಟೇ ಸಾಲದು, ಪರೀಕ್ಷೆ ಮಾಡಿ. ಬಾಡಿಗೆಯವರೂ ಎದುರಿಗೇ ಇರಲಿ, ಆಮೇಲೆ ಜಗಳ ಇರುವುದಿಲ್ಲ. ಬಾಕ್ಸ್ ಒಳಗೆಲ್ಲ ಒಣ ಪೇಪರ್ ಹಾಸಿ. ನಲ್ಲಿ ತೆಗೆಯಬೇಡಿ, ಬೇಸಿನ್ ಮುಟ್ಟಬೇಡಿ. ಒಂದು ತಾಸು ಬಿಟ್ಟು ನೋಡಿ. ಪೇಪರ್ ಒದ್ದೆ ಆಗಿದ್ದರೆ ಸೋರುತ್ತಿರುವುದು ಆ್ಯಂಗಲ್ ಕಾಕ್ (ಬೇಸಿನ್ ಕೆಳಗೆ ಗೋಡೆಯಲ್ಲಿರುವ, ನೀರು ನಿಲ್ಲಿಸುವ ಸಣ್ಣ ನಲ್ಲಿ) ಅಥವಾ ಅದರಿಂದ ನಲ್ಲಿಗೆ ಹೋಗುವ ಕನೆಕ್ಷನ್ ಪೈಪ್. ಅಲ್ಲಿ ಹಗಲೂ ರಾತ್ರಿ ಟ್ಯಾಂಕಿನ ಒತ್ತಡ ಇರುತ್ತದೆ.

ಪೇಪರ್ ಒಣಗಿದ್ದರೆ ಮುಂದಿನ ಹೆಜ್ಜೆ. ಬೇಸಿನ್ ತೂತು ಮುಚ್ಚಿ ನೀರು ತುಂಬಿಸಿ. ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಬಿಡಿ. ಕಾಲು ಗಂಟೆ ಕಾಯಿರಿ. ಈಗ ಕೆಳಗೆ ನೀಲಿ ಹನಿ ಕಂಡರೆ ತಪ್ಪು ವೇಸ್ಟ್ ಕಪ್ಲಿಂಗ್‌ನದ್ದು, ಅಂದರೆ ಬೇಸಿನ್ ತೂತಿಗೆ ಕೂರಿಸಿದ ಜೋಡಣೆಯದ್ದು. ಅಲ್ಲಿನ ರಬ್ಬರ್ ವಾಷರ್ ಗಟ್ಟಿಯಾಗಿ ಸೀಳಿರುತ್ತದೆ. ಕಾಣದಿದ್ದರೆ ಮುಚ್ಚಳ ತೆಗೆದು ಅಷ್ಟೂ ನೀರನ್ನು ಒಮ್ಮೆಲೇ ಬಿಡಿ. ಈಗ ನೀಲಿ ಬಿದ್ದರೆ ಬಾಟಲ್ ಟ್ರ್ಯಾಪ್ (ಬೇಸಿನ್ ಕೆಳಗೆ ಬಾಟಲಿ ಹಾಗೆ ಕಾಣುವ ಭಾಗ) ಅಥವಾ ಅದರ ಮುಂದಿನ ವೇಸ್ಟ್ ಪೈಪ್. ಅದೂ ಇಲ್ಲ ಅಂದರೆ ಒಂದು ಮಗ್ ನೀಲಿ ನೀರನ್ನು ನಲ್ಲಿಯ ಬುಡಕ್ಕೂ ಗೋಡೆಯ ಸಂದಿಗೂ ನಿಧಾನಕ್ಕೆ ಸುರಿಯಿರಿ. ಕೊನೆಗೆ, ಎಂದಿನ ಹಾಗೆ ನೆಲ ತೊಳೆಸಿ. ನೀರು ಬಾಕ್ಸ್ ಬುಡಕ್ಕೆ ಹೋಗಿ ನಿಲ್ಲುತ್ತದಾ, ನಹಾನಿ ಟ್ರ್ಯಾಪ್, ಅಂದರೆ ನೆಲದ ನೀರು ಹೋಗುವ ತೂತಿನ ಕಡೆಗೆ ಹೋಗುತ್ತದಾ ನೋಡಿ. ಈ ಕ್ರಮ ತಪ್ಪಿಸಬೇಡಿ. ಎಲ್ಲ ಒಟ್ಟಿಗೆ ಮಾಡಿದರೆ ಎಲ್ಲಿಂದ ಬಂತು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯ. ನಿಮ್ಮದು ಮೇಲಿನ ಮಹಡಿ ಅಲ್ವಾ, ಕೆಳಗೆ ಅದೇ ಜಾಗದ ಸೂರನ್ನೂ ಒಮ್ಮೆ ನೋಡಿ. ಅಲ್ಲಿ ಹಳದಿ ಕಲೆಯೋ, ಸುಣ್ಣ ಪೊರೆ ಎದ್ದಿದ್ದೋ ಕಂಡರೆ ವಿಷಯ ಬಾಕ್ಸ್ ಅನ್ನು ದಾಟಿದೆ ಅಂತ ಲೆಕ್ಕ. ಆಗ ಮೊದಲು ಪ್ಲಂಬರ್, ಆಮೇಲೆ ಕಾರ್ಪೆಂಟರ್.

ನಮ್ಮ ಊರಿನ ಮನೆಗಳಲ್ಲಿ ನಾನು ಜಾಸ್ತಿ ನೋಡಿರುವ ಕಾರಣ ಆ್ಯಂಗಲ್ ಕಾಕ್. ತುಂಗಭದ್ರೆಯ ನೀರು, ಭದ್ರಾ ಕಾಲುವೆಯಿಂದ ಕುಂದವಾಡ ಕೆರೆಗೆ ಬರುವ ನೀರು ನಲ್ಲಿಯಲ್ಲಿ ಬಂದಾಗ ಕುಡಿಯಲು ಹಿಡಿದಿಟ್ಟುಕೊಳ್ಳುತ್ತೇವೆ. ಬಾತ್‌ರೂಮಿಗೆ ಬಹಳ ಮನೆಗಳಲ್ಲಿ ಬೋರ್ ನೀರೇ. ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಜಾಸ್ತಿ. ಬಕೆಟ್ ಅಂಚಿಗೆ ಕೂರುವ ಬಿಳಿ ಪಾಚಿಯಂಥದ್ದು ಅದೇ. ಅದು ಕಾಕ್ ಒಳಗೂ ಕೂರುತ್ತದೆ. ನಾಲ್ಕು ವರ್ಷ ಯಾರೂ ತಿರುಗಿಸದ ಕಾಕ್ ಕಲ್ಲಾಗಿರುತ್ತದೆ. ಸ್ಪ್ಯಾನರ್ ಹಾಕಿ ಜೋರಾಗಿ ತಿರುಗಿಸಿದರೆ ಗೋಡೆಯೊಳಗಿನ ನಿಪ್ಪಲ್, ಅಂದರೆ ಕಾಕ್ ಕೂರಿಸಿದ ಪೈಪ್ ತುಂಡು, ಮುರಿಯಬಹುದು. ಆಮೇಲೆ ಟ್ಯಾಂಕ್ ಖಾಲಿಯಾಗುವ ತನಕ ನೀರು ನಿಲ್ಲುವುದಿಲ್ಲ. ಆದ್ದರಿಂದ ಮೊದಲು ಮಹಡಿ ಹತ್ತಿ ಟ್ಯಾಂಕಿನ ವಾಲ್ವ್ ಮುಚ್ಚಿ. ಆಮೇಲೆ ಕಾಕ್ ಮುಟ್ಟಿ.

ಇನ್ನೊಂದು ಕಾರಣವೂ ನಮ್ಮ ಊರಿನದ್ದೇ. ಟ್ಯಾಂಕ್ ಖಾಲಿ ಇದ್ದಾಗ ನಲ್ಲಿ ತಿರುಗಿಸಿ ನೋಡುತ್ತಾರೆ. ನೀರಿಲ್ಲ. ಹಾಗೇ ಬಿಟ್ಟು ಕೆಲಸಕ್ಕೆ ಹೋಗುತ್ತಾರೆ. ಮಧ್ಯಾಹ್ನ ಕೆಳಗಿನವರು ಮೋಟರ್ ಹಾಕುತ್ತಾರೆ. ಬೇಸಿನ್ ತೂತಿನಲ್ಲಿ ಕೂದಲು ಕಟ್ಟಿದ್ದರೆ ಮುಗಿಯಿತು. ಬೇಸಿನ್ ತುಂಬಿ, ಕಲ್ಲು ತುಂಬಿ, ಬಾಕ್ಸ್ ತುಂಬುತ್ತದೆ. ಒಂದೇ ದಿನದ ಕಥೆ ಇದು. ಇಂಥದ್ದರಲ್ಲಿ ಹಲಗೆ ಎಲ್ಲ ಕಡೆ ಒಂದೇ ಸಮ ಉಬ್ಬಿರುತ್ತದೆ, ಹಳೆಯ ಕಪ್ಪು ಕಲೆ ಇರುವುದಿಲ್ಲ.

ಈಗ ಪೇಂಟರ್ ಹೇಳಿದ ಪುಟ್ಟಿ ವಿಷಯ. ನಾನು ಕೆಲಸ ಶುರು ಮಾಡಿದ ಹೊಸತರಲ್ಲಿ ಒಂದು ಬಾಡಿಗೆ ಮನೆಯಲ್ಲಿ ಇದನ್ನೇ ಮಾಡಿದೆ. ಉಬ್ಬಿದ ಹಲಗೆಯನ್ನು ಉಜ್ಜಿ, ಪುಟ್ಟಿ ಎಳೆದು, ಮೇಲೆ ಹೊಸ ಮೈಕಾ ಅಂಟಿಸಿದೆ. ಓನರ್ ಖುಷಿಯಾಗಿ ಕೈ ಕುಲುಕಿದರು. ಮೂರು ತಿಂಗಳಿಗೆ ಮೈಕಾ ಹಪ್ಪಳದ ಹಾಗೆ ಎದ್ದಿತು. ಒಳಗಿನ ತೇವ ಹೊರಗೆ ಹೋಗಲು ದಾರಿ ಇಲ್ಲದೆ, ಚೆನ್ನಾಗಿದ್ದ ಪಕ್ಕದ ಹಲಗೆಯನ್ನೂ ತಿಂದಿತ್ತು. ಎರಡನೇ ಸಲದ ಕೆಲಸಕ್ಕೆ ನನ್ನ ಕೈಯಿಂದ ದುಡ್ಡು ಹಾಕಿದೆ. ಅವತ್ತಿನಿಂದ ಹಸಿ ಹಲಗೆ ಮೇಲೆ ನಾನು ಏನನ್ನೂ ಮುಚ್ಚಿಲ್ಲ.

ನಿಮ್ಮ ಬಾಕ್ಸ್ ಯಾವುದರಿಂದ ಮಾಡಿದ್ದು ಅಂತ ನೋಡುವುದು ಸುಲಭ. ಪೈಪ್ ಹೋಗಲು ಕೊರೆದ ತೂತಿನ ಅಂಚು ನೋಡಿ. ಅಲ್ಲಿ ಯಾರೂ ಬಣ್ಣ ಹೊಡೆದಿರುವುದಿಲ್ಲ, ಮೈಕಾ ಸುತ್ತಿರುವುದಿಲ್ಲ. ಮರದ ಚೂರು ಒತ್ತಿದ ಹಾಗೆ ಕಂಡರೆ ಪಾರ್ಟಿಕಲ್ ಬೋರ್ಡ್. ನುಣ್ಣಗೆ ರಟ್ಟಿನ ಹಾಗಿದ್ದರೆ ಎಂಡಿಎಫ್. ಪದರ ಪದರ ಕಂಡರೆ ಪ್ಲೈವುಡ್. ನೀವು ಪುಡಿ ಉದುರುತ್ತದೆ ಅಂದಿದ್ದೀರಿ, ರೆಡಿಮೇಡ್ ಅಂದಿದ್ದೀರಿ. ಬಹುಪಾಲು ಪಾರ್ಟಿಕಲ್ ಬೋರ್ಡೇ ಇರಬೇಕು.

ಪಾರ್ಟಿಕಲ್ ಬೋರ್ಡ್ ಅಂದರೆ ನಮ್ಮ ಮಂಡಕ್ಕಿ ಇದ್ದ ಹಾಗೆ. ಒಮ್ಮೆ ನೆನೆಯಿತೋ, ಬಿಸಿಲಿಗೆ ಹಾಕಿ, ಹುರಿದು, ಏನೇ ಮಾಡಿ, ಮೊದಲಿನ ಮಂಡಕ್ಕಿ ಆಗುವುದಿಲ್ಲ. ಒಣಗಿದ ಮೇಲೂ ಉಬ್ಬು ಇಳಿಯುವುದಿಲ್ಲ, ಒಳಗಿನ ಅಂಟು ಬಿಟ್ಟಿರುತ್ತದೆ, ಸ್ಕ್ರೂ ಹಿಡಿಯುವುದಿಲ್ಲ. ಉಬ್ಬಿದಷ್ಟು ಭಾಗ ಕತ್ತರಿಸಿ ತೆಗೆಯಬೇಕು. ಎಂಡಿಎಫ್‌ಗೂ ಇದೇ ಮಾತು. ಪ್ಲೈವುಡ್ ಆದರೆ ಬೇರೆ. ಪದರ ಬಿಟ್ಟಿದ್ದರೂ ಒಳಗೆ ಕೊಳೆತಿಲ್ಲ ಅಂದರೆ, ಒಣಗಿಸಿ ಸಂದಿಗೆ ನೀರು ತಡೆಯುವ ಗಮ್ಮು ತೂರಿಸಿ, ಎರಡು ಕಡೆ ರೀಪು ಕೊಟ್ಟು ಕ್ಲ್ಯಾಂಪ್ ಹಾಕಿ ಒಂದು ದಿನ ಬಿಟ್ಟರೆ ಕೂರುತ್ತದೆ. ಕೊಳೆತಿದೆಯಾ ಅಂತ ನೋಡಲು ಸ್ಕ್ರೂ ಡ್ರೈವರ್ ಮೊನೆ ಒತ್ತಿ. ಬೆಣ್ಣೆಗೆ ಹೋದ ಹಾಗೆ ಹೋದರೆ ಅದು ಮುಗಿದ ಹಲಗೆ.

ಹಾಗಂತ ಕಾರ್ಪೆಂಟರ್ ಹೇಳಿದ ಹಾಗೆ ಪೂರ್ತಿ ಹೊಸದೇ ಬೇಕು ಅಂತಲೂ ಅಲ್ಲ. ಬಾಗಿಲು, ಡ್ರಾಯರ್, ತಳದ ಪಟ್ಟಿ ಎಲ್ಲ ಬಿಚ್ಚಿಸಿ. ಫ್ಯಾನ್ ಇಟ್ಟು ಒಂದು ವಾರ ಹತ್ತು ದಿನ ಒಣಗಲು ಬಿಡಿ. ದಾವಣಗೆರೆಯ ಒಣ ಹವೆ ಈ ಒಂದು ವಿಷಯದಲ್ಲಿ ನಮಗೆ ಅನುಕೂಲ. ಶಿವಮೊಗ್ಗದ ಕಡೆ ಮಳೆಗಾಲದಲ್ಲಿ ಇದು ಆಗದ ಮಾತು. ಆದರೆ ಬಾಗಿಲನ್ನು ತಾರಸಿಯ ಮೇಲೆ ಉರಿಬಿಸಿಲಿಗೆ ಹಾಕಬೇಡಿ. ಹಲಗೆ ಬಾಗುತ್ತದೆ, ಮೈಕಾ ಬಿಡುತ್ತದೆ. ನೆರಳಲ್ಲಿ ಗಾಳಿಗೆ ಇಡಿ, ಮಲಗಿಸಬೇಡಿ, ನಿಲ್ಲಿಸಿ. ಬೂಷ್ಟು ಹಿಡಿದಿದ್ದರೆ ಸೋಪಿನ ನೀರಲ್ಲಿ ಒರೆಸಿ ಒಣಗಿಸಿದರೆ ಸಾಕು. ಹಿಂದಿನ ಗೋಡೆಯಲ್ಲಿ ಗೆದ್ದಲಿನ ಮಣ್ಣಿನ ಗೆರೆ ಇದೆಯಾ ಅಂತ ಈಗಲೇ ನೋಡಿಕೊಳ್ಳಿ. ಇದ್ದರೆ ಹಳೆಯ ಹಲಗೆ ಒಂದು ಚೂರೂ ಉಳಿಸಿಕೊಳ್ಳಬೇಡಿ.

ಒಣಗಿದ ಮೇಲೆ ಪಕ್ಕದ ಹಲಗೆಗಳ ಮೇಲಿನ ಭಾಗ ಗಟ್ಟಿ ಇದೆ ಅಂದುಕೊಳ್ಳೋಣ. ಆಗ ಬುಡದಿಂದ ಮೂರು ನಾಲ್ಕು ಇಂಚು, ಉಬ್ಬು ಮುಗಿದು ಇನ್ನೂ ಒಂದು ಇಂಚು ಮೇಲಕ್ಕೆ, ನೇರವಾಗಿ ಕತ್ತರಿಸಿ ಎಸೆಯಬೇಕು. ಆ ಜಾಗಕ್ಕೆ ಹಲಗೆ ಬೇಡವೇ ಬೇಡ. ಪಿವಿಸಿ ಕಾಲು ಕೊಡಿಸಿ, ಇಲ್ಲವೇ ಗ್ರಾನೈಟ್ ಪಟ್ಟಿ. ನೆಲ ತೊಳೆದರೆ ನೀರು ಕೆಳಗೇ ಹರಿದು ಹೋಗಬೇಕು, ಪೊರಕೆ ಒಳಗೆ ಹೋಗಬೇಕು. ತಳದ ಹಲಗೆ ಮಾತ್ರ ಹೊಸದು ಹಾಕಿಸಿ. ಐಎಸ್ 710 ಮುದ್ರೆ ಇರುವ ಮರೀನ್ ಪ್ಲೈ ಕೇಳಿ. ಅದರ ಅಂಟನ್ನು 72 ತಾಸು ಕುದಿಯುವ ನೀರಿನಲ್ಲಿಟ್ಟು ಪರೀಕ್ಷೆ ಮಾಡಿರುತ್ತಾರೆ. 'ವಾಟರ್‌ಪ್ರೂಫ್ ಇದೆ ತಗೊಳ್ಳಿ' ಅನ್ನುವ ಬಾಯಿಮಾತು ಲೆಕ್ಕಕ್ಕಿಲ್ಲ, ಹಲಗೆ ಮೇಲೆ ಮುದ್ರೆ ನೋಡಿ. ಪಿವಿಸಿ ಫೋಮ್ ಬೋರ್ಡ್ ಕೂಡ ಆಗುತ್ತದೆ, ಅದು ನೀರೇ ಕುಡಿಯುವುದಿಲ್ಲ. ಆದರೆ ಅದರಲ್ಲಿ ಸ್ಕ್ರೂ ಅಷ್ಟು ಬಿಗಿ ನಿಲ್ಲದು. ಬಾಗಿಲಿನ ಹಿಂಜ್ ಬರುವ ಜಾಗಕ್ಕೆ ಹಿಂದೆ ಒಂದು ಪ್ಲೈ ಪಟ್ಟಿ ಕೊಡಬೇಕು.

ಮರೀನ್ ಪ್ಲೈ ತಂದರೂ ಒಂದು ಕಡೆ ಎಲ್ಲರೂ ಎಡವುತ್ತಾರೆ. ಕಾರ್ಪೆಂಟರ್ ಹಲಗೆ ಕೂರಿಸಿ, ಮೈಕಾ ಅಂಟಿಸಿ ಹೋಗುತ್ತಾರೆ. ಆಮೇಲೆ ಪ್ಲಂಬರ್ ಬಂದು ಪೈಪಿಗೆ ತೂತು ಕೊರೆಯುತ್ತಾರೆ. ಆ ಹಸಿ ಅಂಚು ಹಾಗೇ ಉಳಿಯುತ್ತದೆ. ಮುಂದಿನ ಸಲ ನೀರು ಕುಡಿಯುವುದು ಅಲ್ಲೇ. ತೂತು ಮೊದಲೇ ಕೊರೆಸಿ, ಅಂಚಿಗೆ ಎರಡು ಕೋಟ್ ಎನಾಮಲ್ ಪೇಂಟ್ ಹೊಡೆಸಿ, ಒಣಗಿದ ಮೇಲೆ ಪೈಪ್ ಹಾಕಿಸಿ. ಹಲಗೆಯ ನಾಲ್ಕೂ ಅಂಚಿಗೆ, ಕಣ್ಣಿಗೆ ಕಾಣದ ಹಿಂದಿನ ಅಂಚಿಗೂ ಇದೇ ಕೆಲಸ. ನೀವು ನಿಂತು ಮಾಡಿಸಿದರೆ ಮಾತ್ರ ಆಗುವ ಕೆಲಸ ಇದು.

ಪೈಪ್ ಜೋಡಿಸುವಾಗ ಹಳೆಯ ವಾಷರ್ ಯಾವುದನ್ನೂ ಮತ್ತೆ ಹಾಕಬೇಡಿ. ಅದರ ಬೆಲೆ ಒಂದು ಕಪ್ ಚಹಾದಷ್ಟು. ಮಡಚಿ ಮಡಚಿ ಇರುವ ಬಿಳಿ ವೇಸ್ಟ್ ಪೈಪ್ ಇದ್ದರೆ ತೆಗೆಸಿ ಬಾಟಲ್ ಟ್ರ್ಯಾಪ್ ಹಾಕಿಸಿ. ಆ ಮಡಿಕೆಗಳಲ್ಲಿ ಕೂದಲು, ಪೇಸ್ಟ್ ಎಲ್ಲ ಕೂತು ಪೈಪ್ ಜೋತು ಬೀಳುತ್ತದೆ. ಗೋಡೆಯ ಸಂದಿಗೆ ವೈಟ್ ಸಿಮೆಂಟ್ ಬೇಡ, ಅದು ಬಿರುಕು ಬಿಡುತ್ತದೆ. ಸಿಲಿಕೋನ್ ಹಾಕಿಸಿ. ಹಳೆಯ ಸಿಲಿಕೋನ್ ಪೂರ್ತಿ ಕೆರೆದು ತೆಗೆಯಬೇಕು, ಹೊಸದು ಹಳೆಯದರ ಮೇಲೆ ಹಿಡಿಯುವುದಿಲ್ಲ. ನಿಮ್ಮ ಬೇಸಿನ್ ಕೂತಿರುವುದು ಕಡಪಾ ಕಲ್ಲಿನ ಮೇಲೋ ಮಾರ್ಬಲ್ ಮೇಲೋ ಆದರೆ ಅಂಗಡಿಯಲ್ಲಿ 'ನ್ಯೂಟ್ರಲ್' ಸಿಲಿಕೋನ್ ಅಂತ ಕೇಳಿ. ವಿನಿಗರ್ ವಾಸನೆ ಬರುವ ಸಿಲಿಕೋನ್‌ನಲ್ಲಿ ಆಮ್ಲ ಇರುತ್ತದೆ. ಅದು ಸುಣ್ಣದ ಅಂಶ ಇರುವ ಕಲ್ಲನ್ನು ಕಚ್ಚುತ್ತದೆ, ಸರಿಯಾಗಿ ಅಂಟುವುದಿಲ್ಲ. ಹಾಕಿದ ಮೇಲೆ ಒಂದು ದಿನ ನೀರು ಮುಟ್ಟಿಸಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಬಾಡಿಗೆ ಮನೆಗೆ ಮುಚ್ಚಿದ ಬಾಕ್ಸೇ ಬೇಡ ಮೇಡಂ. ಪಕ್ಕದ ಹಲಗೆಯೂ ಹೋಗಿದೆ ಅಂತ ಕಂಡರೆ ಎಲ್ಲ ಬಿಚ್ಚಿಸಿಬಿಡಿ. ಕಲ್ಲನ್ನು ಗೋಡೆಗೆ ಸ್ಟೀಲ್ ಬ್ರ್ಯಾಕೆಟ್ ಕೊಟ್ಟು ನಿಲ್ಲಿಸಿ. ಕೆಳಗೆ ತೆರೆದೇ ಇರಲಿ. ಸೋಪು, ಬ್ರಶ್ ಇಡಲು ಪಕ್ಕದ ಗೋಡೆಗೆ ಒಂದು ಸ್ಟೀಲ್ ಸ್ಟ್ಯಾಂಡ್ ಸಾಕು. ನಿಮ್ಮ ಬಾಕ್ಸ್ ಹಾಳಾಗಿದ್ದು ನೀರು ಸೋರಿದ್ದಕ್ಕಿಂತ ಜಾಸ್ತಿ, ಸೋರಿದ್ದು ಯಾರಿಗೂ ಕಾಣದೇ ಇದ್ದದ್ದಕ್ಕೆ. ತೆರೆದಿದ್ದರೆ ಮೊದಲ ಹನಿ ಬಿದ್ದ ದಿನವೇ ನಿಮಗೆ ಫೋನ್ ಬರುತ್ತಿತ್ತು. ನೋಡಲು ಚಂದ ಇಲ್ಲ ಅನ್ನುವವರು ಇದ್ದಾರೆ. ಸ್ವಂತ ಮನೆಗೆ ಆದರೆ ನಾನೂ ಬಾಕ್ಸ್ ಮಾಡಿಕೊಡುತ್ತೇನೆ.

ಇನ್ನು ದುಡ್ಡಿನ ವಿಷಯ. ನಾನು ಬಡಗಿ, ವಕೀಲ ಅಲ್ಲ. ಆದರೆ ಇಂಥ ಜಗಳದ ನಡುವೆ ಬಹಳ ಸಲ ನಿಂತಿದ್ದೇನೆ. ಮೊದಲು ನಿಮ್ಮ ಅಗ್ರಿಮೆಂಟ್ ತೆಗೆದು ಓದಿ. ರಿಪೇರಿ ಯಾರದ್ದು ಅಂತ ಬರೆದಿದ್ದರೆ ಅದೇ ಮೊದಲ ಮಾತು. ಹೆಚ್ಚಿನ ಹನ್ನೊಂದು ತಿಂಗಳ ಅಗ್ರಿಮೆಂಟ್‌ಗಳಲ್ಲಿ ಏನೂ ಬರೆದಿರುವುದಿಲ್ಲ. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಒಂದು ಪಟ್ಟಿ ಇದೆ. ನಲ್ಲಿ, ನಲ್ಲಿಯ ವಾಷರ್, ವಾಶ್‌ಬೇಸಿನ್ ರಿಪೇರಿ, ಚರಂಡಿ ಕಟ್ಟಿದ್ದು ತೆಗೆಸುವುದು ಬಾಡಿಗೆಯವರ ಪಾಲು. ಪೈಪ್ ಬದಲಿಸುವುದು, ಕಟ್ಟಡದ ರಿಪೇರಿ ಓನರ್ ಪಾಲು. ಅದು ಹೆಸರಿಗೆ ತಕ್ಕಂತೆ ಮಾದರಿ ಮಾತ್ರ, ರಾಜ್ಯ ತನ್ನ ಕಾಯ್ದೆಯಾಗಿ ಮಾಡಿಕೊಂಡರೆ ಮಾತ್ರ ಕಟ್ಟುಪಾಡು. ಆದರೂ ಕೂತು ಮಾತಾಡುವಾಗ ಒಂದು ಅಳತೆಗೋಲಾಗುತ್ತದೆ.

ಆ ಅಳತೆಗೋಲನ್ನು ನಿಮ್ಮ ಬಾಕ್ಸ್‌ನ ಗುರುತಿನ ಪಕ್ಕದಲ್ಲಿಟ್ಟು ನೋಡಿ. ಬುಡ ಮಾತ್ರ ಉಬ್ಬಿದ್ದರೆ, ಅದು ನೇರ ನಿಮ್ಮದು. ತೊಳೆಯುವ ನೆಲದ ಮೇಲೆ ಪಾರ್ಟಿಕಲ್ ಬೋರ್ಡ್ ಕೂರಿಸಿದ್ದು ನೀವು, ನೆಲ ತೊಳೆದಿದ್ದು ಅವರ ತಪ್ಪಲ್ಲ. ಗೋಡೆಯ ಸಂದಿಯಿಂದ ಇಳಿದಿದ್ದರೂ ನಿಮ್ಮದೇ. ಹರಿದು ಹೋದ ವಾಷರ್‌ನಿಂದ ತಿಂಗಳುಗಟ್ಟಲೆ ಹನಿ ಬಿದ್ದು, ಒಳಗೆ ಮಗ್ ಇಟ್ಟು ನೀರು ಹಿಡಿದುಕೊಂಡು ನಿಮಗೆ ಹೇಳದೇ ಇದ್ದರೆ, ಅದರಲ್ಲಿ ಅವರ ಪಾಲು ಇದೆ. ತುಂಬಿ ಹರಿದದ್ದಾದರೆ ಹೆಚ್ಚಿನ ಪಾಲು ಅವರದ್ದು. ಹಿಂಜ್ ಎಲ್ಲ ತುಕ್ಕು ಹಿಡಿದು, ಟೈಲ್ಸ್ ಸಂದಿಯ ಸಿಮೆಂಟ್ ಕರಗಿ ಹೋಗಿದ್ದರೆ ಯಾರೋ ಬಾತ್‌ರೂಮ್ ಆ್ಯಸಿಡ್ ಸುರಿದು ತೊಳೆದಿದ್ದಾರೆ ಅಂತ ಲೆಕ್ಕ. ಖಾಲಿ ಮಾಡುವ ಮುಂಚೆ ಮನೆ ಫಳಫಳ ಮಾಡಿಕೊಡೋಣ ಅಂತ ಇದನ್ನೇ ಮಾಡುವವರು ಬಹಳ. ನಿಮ್ಮ ಬಾಡಿಗೆಯವರಿಗೆ ಇವತ್ತೇ ಹೇಳಿ, ಆ್ಯಸಿಡ್ ಬೇಡ ಅಂತ. ಬ್ಲೀಚಿಂಗ್ ಪೌಡರ್ ಜೊತೆ ಆ್ಯಸಿಡ್ ಸೇರಿಸುವುದಂತೂ ಬೇಡವೇ ಬೇಡ, ವಿಷದ ಗಾಳಿ ಏಳುತ್ತದೆ. ಬೋರ್ ನೀರಿನ ಬಿಳಿ ಕಲೆಗೆ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್ ಪುಡಿ) ಬಿಸಿನೀರಲ್ಲಿ ಕರಗಿಸಿ ಅರ್ಧ ತಾಸು ಬಿಟ್ಟು ಉಜ್ಜಿದರೆ ಸಾಕು. ಕಡಪಾ, ಮಾರ್ಬಲ್ ಮೇಲೆ ಮಾತ್ರ ಅದೂ ಬೇಡ.

'ಬಂದಾಗಲೇ ಹೀಗಿತ್ತು' ಅನ್ನುವ ಮಾತಿಗೆ ನಿಮ್ಮ ಹತ್ತಿರ ಅವತ್ತಿನ ಫೋಟೋ ಇದೆಯಾ? ಇಲ್ಲ ಅಂದರೆ ಎಳೆದಾಡಬೇಡಿ. ಇದ್ದು, ಅವರ ಪಾಲು ಇದೆ ಅಂತ ಪರೀಕ್ಷೆಯಲ್ಲೂ ಕಂಡರೆ, ಹೊಸ ಬಾಕ್ಸ್‌ನ ಬೆಲೆ ಹಿಡಿಯಬೇಡಿ. ಎಂಟು ವರ್ಷದ ಪಾರ್ಟಿಕಲ್ ಬೋರ್ಡ್ ಬಾಕ್ಸ್ ಬಾತ್‌ರೂಮಿನಲ್ಲಿ ತನ್ನ ಆಯಸ್ಸಿನ ಬಹುಪಾಲು ಮುಗಿಸಿರುತ್ತದೆ. ಅದರ ಸವಕಳಿ ನಿಮ್ಮ ಖಾತೆಗೆ. ತಳದ ಹಲಗೆ ಮತ್ತು ಪ್ಲಂಬರ್ ಕೂಲಿಯ ಬಿಲ್ ತೋರಿಸಿ, ಅದರಲ್ಲಿ ಅರ್ಧ ಕೇಳಿ. ನಾಲ್ಕು ವರ್ಷ ಬಾಡಿಗೆ ಸರಿಯಾಗಿ ಕೊಟ್ಟವರು ಬಿಲ್ ನೋಡಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಬಾಯಲ್ಲಿ ಹತ್ತು ಸಾವಿರ ಅಂದರೆ ಯಾರೂ ಒಪ್ಪುವುದಿಲ್ಲ.

ಹೊಸ ಬಾಡಿಗೆಯವರು ಬಂದ ದಿನ ಕೀ ಕೊಡುವಾಗ ಅವರನ್ನು ಬಾತ್‌ರೂಮಿಗೆ ಕರೆದುಕೊಂಡು ಹೋಗಿ. ಆ್ಯಂಗಲ್ ಕಾಕ್ ಎಲ್ಲಿದೆ ತೋರಿಸಿ, ಅವರ ಕೈಯಲ್ಲೇ ಒಮ್ಮೆ ಮುಚ್ಚಿಸಿ, ತೆಗೆಸಿ. ತಿಂಗಳಿಗೊಮ್ಮೆ ಹೀಗೆ ತಿರುಗಿಸುತ್ತಿರಿ, ಇಲ್ಲದಿದ್ದರೆ ಜಾಮ್ ಆಗುತ್ತದೆ ಅಂತ ಹೇಳಿ. ಬೇಸಿನ್ ಕೆಳಗಿನ ಜಾಗದ ನಾಲ್ಕು ಫೋಟೋ ಅವರ ಮೊಬೈಲ್‌ನಲ್ಲೇ ತೆಗೆಸಿ, ನಿಮಗೆ ಕಳಿಸಲು ಹೇಳಿ. ಫೋಟೋ ಅವರ ಮೊಬೈಲ್‌ನಿಂದಲೇ ಬಂದಿದ್ದರೆ ನಾಲ್ಕು ವರ್ಷದ ನಂತರ ತಾರೀಖಿನ ಸಮೇತ ಇಬ್ಬರ ಹತ್ತಿರವೂ ಇರುತ್ತದೆ.